ಈಜಿಪ್ಟಿನ ಗೋಡೆಗಳಿಗೆ ಬಣ್ಣವೊಂದೇ ಸಾಕಿರಲಿಲ್ಲವೇ?

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ಈಜಿಪ್ಟಿಗೆ ಹೋಗಿದ್ದೆವು. ಸಕ್ಕಾರಾದ ಸಮಾಧಿಗಳಲ್ಲಿ ಚಿತ್ರಗಳು ಗೋಡೆಯಿಂದ ಉಬ್ಬಿಕೊಂಡಿದ್ದವು. ಕಾರ್ನಾಕ್ ದೇವಸ್ಥಾನದ ಹೊರಗೋಡೆಗಳಲ್ಲಿ ಮಾತ್ರ ಒಳಕ್ಕೆ ತಗ್ಗಿದ್ದವು. ಎಲ್ಲಕ್ಕೂ ಮೊದಲು ಬಣ್ಣವಿತ್ತು ಅಂತ ಗೈಡ್ ಹೇಳಿದರು. ಬಣ್ಣ ಹಚ್ಚುವುದೇ ಆದರೆ ಸುಮ್ನೆ ಚಿತ್ರ ಬರೆದರೆ ಸಾಕಿತ್ತಲ್ವಾ? ಕೆತ್ತುವ ಕಷ್ಟ ಯಾಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬರೀ ಬಣ್ಣದಲ್ಲಿ ಬರೆದದ್ದೂ ಉಂಟು. ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಡದ ಸಮಾಧಿಗಳಲ್ಲಿ ಬಂಡೆ ಬಿರುಕು ಬಿಟ್ಟ ಕಡೆ ಗಾರೆ ಮೆತ್ತಿ ಚಿತ್ರ ಬರೆದರು. ಕಲ್ಲು ಚೆನ್ನಾಗಿದ್ದು ಅನುಕೂಲವೂ ಇದ್ದವರು ಕೆತ್ತಿಸುತ್ತಿದ್ದರು. ಈ ಚಿತ್ರಗಳು ಬರೀ ಅಲಂಕಾರ ಅಲ್ಲ. ಸತ್ತವರಿಗೆ ರೊಟ್ಟಿ, ಬಿಯರ್, ಮಾಂಸ ಎಂದೆಂದಿಗೂ ಸಿಗುತ್ತಿರಲಿ ಅಂತ ಮೂಡಿಸಿದವು. ಬಣ್ಣ ಉದುರಿದರೂ ರೂಪ ಉಳಿಯಬೇಕಿತ್ತು.

ಕೆಲಸ ಹೇಗೆ ಸಾಗುತ್ತಿತ್ತು ಅಂತ ನೋಡಬೇಕಾದರೆ ರಾಜರ ಕಣಿವೆಯ ಹೊರೆಮ್ಹೆಬ್ ಸಮಾಧಿಗೆ ಹೋಗಬೇಕು. ಅಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ, ನಮ್ಮ ಪುಣ್ಯ! ಒಂದು ಕಡೆ ಕೆಂಪು ಗೆರೆಯ ಕರಡು, ಅದರ ಮೇಲೆ ಕಪ್ಪು ಗೆರೆಯ ತಿದ್ದುಪಡಿ. ಇನ್ನೊಂದು ಕಡೆ ಉಳಿ ಬಿದ್ದ ಕಲ್ಲು. ಮತ್ತೊಂದು ಕಡೆ ಬಣ್ಣ ತುಂಬಿ ಮುಗಿಸಿದ ದೇವತೆಗಳು. ಅಳತೆಗೆ ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿಯಾಗಿ ಹಿಡಿದು ಮೀಟಿ ಚೌಕ ಹಾಕುತ್ತಿದ್ದರು. ನಮ್ಮ ಬಡಗಿಗಳು ಇವತ್ತಿಗೂ ಹೀಗೇ ದಾರ ಹೊಡೆಯುತ್ತಾರೆ. ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ.

ಈಗ ಉಬ್ಬು–ತಗ್ಗಿನ ವಿಷಯ. ಉಬ್ಬುಚಿತ್ರಕ್ಕೆ ಸುತ್ತಲಿನ ಕಲ್ಲನ್ನೆಲ್ಲ ಕೆತ್ತಿ ತೆಗೆಯಬೇಕು. ದೀಪದ ಮಂದ ಬೆಳಕಿಗೆ ಅದು ಸೊಗಸಾಗಿ ಕಾಣುತ್ತದೆ. ಆದರೆ ಈಜಿಪ್ಟಿನ ಮಧ್ಯಾಹ್ನದ ಬಿಸಿಲಿಗೆ ಅದೆಲ್ಲ ಮಂಕು. ಆಕೃತಿಯ ಅಂಚನ್ನೇ ಒಳಕ್ಕೆ ಕೊರೆದರೆ ಆ ಅಂಚಿನಲ್ಲಿ ಗಾಢ ನೆರಳು ಬಿದ್ದು ಚಿತ್ರ ದೂರದಿಂದಲೇ ಎದ್ದು ಕಾಣುತ್ತದೆ. ಕೆಲಸವೂ ಬೇಗ ಮುಗಿಯುತ್ತದೆ. ಅದಕ್ಕೇ ಒಳಗೆ ಉಬ್ಬು, ಹೊರಗೆ ತಗ್ಗು ಎಂಬ ರೂಢಿ. ಆದರೆ ಇದು ಕಟ್ಟುನಿಟ್ಟಿನ ನಿಯಮವಲ್ಲ. ಕಾರ್ನಾಕ್‌ನ ದೊಡ್ಡ ಕಂಬಗಳ ಮಂಟಪದಲ್ಲಿ ಉತ್ತರಾರ್ಧ ಮೊದಲನೇ ಸೇತಿ ಮಾಡಿಸಿದ ನಯವಾದ ಉಬ್ಬುಕೆತ್ತನೆ. ದಕ್ಷಿಣದಲ್ಲಿ ಮಗ ಎರಡನೇ ರಾಮ್ಸೆಸ್ ಮೊದಲು ಉಬ್ಬಾಗಿ ಮಾಡಿಸಿದ್ದನ್ನೇ ಆಮೇಲೆ ತಗ್ಗಾಗಿ ತಿದ್ದಿಸಿದ. ನನ್ನನ್ನು ಕೇಳಿದರೆ, ಅಪ್ಪನ ಕೆಲಸಗಾರರ ಕೈ ಮಗನ ಕೆಲಸಗಾರರಿಗೆ ಬರಲಿಲ್ಲ. ಮೂರನೇ ರಾಮ್ಸೆಸ್‌ನ ಮೆದಿನೆತ್ ಹಾಬು ದೇವಸ್ಥಾನದಲ್ಲಂತೂ ಅಕ್ಷರಗಳು ಕೈಬೆರಳು ಪೂರ್ತಿ ಹೋಗುವಷ್ಟು ಆಳ. ಮುಂದೆ ಬರುವ ರಾಜ ಹೆಸರು ಅಳಿಸಿ ತನ್ನದನ್ನು ಹಾಕಿಕೊಳ್ಳಬಾರದಲ್ಲ!

ಬಣ್ಣಗಳಲ್ಲಿ ಕೆಂಪು, ಹಳದಿ ಮಣ್ಣಿನವು, ಕಪ್ಪು ಮಸಿಯದು. ನೀಲಿಯ ಕಥೆಯೇ ಬೇರೆ. ಮರಳು, ಸುಣ್ಣ, ತಾಮ್ರ, ಕ್ಷಾರ ಸೇರಿಸಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ ಬಿಸಿಯಲ್ಲಿ ಬೇಯಿಸಿ ಮನುಷ್ಯರೇ ತಯಾರಿಸಿದ ಬಣ್ಣ ಅದು. ಅದರ ಮೇಲೆ ಸಾಮಾನ್ಯ ಬೆಳಕು ಹಾಯಿಸಿ ಅತಿಗೆಂಪು ಕ್ಯಾಮೆರಾದಲ್ಲಿ ನೋಡಿದರೆ ಹೊಳೆಯುತ್ತದೆ. ಹಾಗಾಗಿ ಬರಿಗಣ್ಣಿಗೆ ಬೋಳಾಗಿ ಕಾಣುವ ಕಲ್ಲಿನಲ್ಲೂ ಎಲ್ಲಿ ನೀಲಿ ಇತ್ತು ಅಂತ ಈಗ ಪತ್ತೆ ಮಾಡುತ್ತಾರೆ.

ಮತ್ತೆ ಹೋದರೆ ಕಾರ್ನಾಕ್‌ನಲ್ಲಿ ತಲೆಯೆತ್ತಿ ಕಲ್ಲುತೊಲೆಗಳ ಕೆಳಭಾಗ ನೋಡಿ. ಬಿಸಿಲು ತಾಗದ ಆ ಜಾಗಗಳಲ್ಲಿ ಬಣ್ಣ ಇನ್ನೂ ಇದೆ. ಒಂದು ದಿನ ಜಾಸ್ತಿ ಸಿಕ್ಕರೆ ಅಬಿಡೋಸ್‌ಗೆ ಹೋಗಿ. ಲಕ್ಸರ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು. ಬಣ್ಣ ಉಳಿದ ಉಬ್ಬುಕೆತ್ತನೆ ನೋಡಲು ಅಲ್ಲಿನ ಸೇತಿಯ ದೇವಸ್ಥಾನದ ಒಳಗುಡಿಗಳೇ ಸರಿ.