ಕೂಟಕ್ಕೆ ಬಂದವರು ಸಂಘಕ್ಕೂ ಸೇರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಹವ್ಯಾಸಿ ಯಕ್ಷಗಾನ ಸಂಘ. ತಿಂಗಳಿಗೊಂದು ತಾಳಮದ್ದಳೆ ಕೂಟ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ನಡೆಸುತ್ತೇವೆ. ಪ್ರತಿ ಕೂಟಕ್ಕೂ 150 ಜನ ಸೇರುತ್ತಾರೆ, ಆದರೆ ಸದಸ್ಯರಿರುವುದು 23. ಬಾಗಿಲಲ್ಲೇ ಮೇಜು ಹಾಕಿ ಅರ್ಜಿ ಇಟ್ಟರೂ ಯಾರೂ ತುಂಬುವುದಿಲ್ಲ. ಏನು ಮಾಡೋಣ?
– ಸಂಘದ ಕಾರ್ಯದರ್ಶಿ, ಬ್ರಹ್ಮಾವರ

ಉತ್ತರ: ಮೊದಲು ಆ ಮೇಜನ್ನು ಬಾಗಿಲಿನಿಂದ ತೆಗೆಯಿರಿ. ಮಳೆಗಾಲದಲ್ಲಿ ಒಳಗೆ ಬರುವವರ ಕೈಯಲ್ಲಿ ಒದ್ದೆ ಕೊಡೆ, ಕಣ್ಣು ಖಾಲಿ ಕುರ್ಚಿಯ ಮೇಲೆ. ಹಾಡುವ ಭಾಗವತರ ಒಂದು ಪದವನ್ನೂ ಕೇಳದ ಹೊತ್ತಿನಲ್ಲಿ ಸಂಘಕ್ಕೆ ಸೇರಬೇಕೆಂದು ಅವರಿಗೆ ಅನಿಸುವುದಾದರೂ ಹೇಗೆ? ಮುಗಿದ ಮೇಲೂ ಕೇಳಬೇಡಿ. ಮಂಗಳ ಶುರುವಾದರೆ ಸಭೆ ಎದ್ದು ಬಸ್ಸಿನ ಕಡೆ ಮುಖ ಮಾಡಿರುತ್ತದೆ. ಕೇಳಬೇಕಾದದ್ದು ನಡುವೆ ಚಾ ಕೊಡುವಾಗ. ಆಗ ತಾನೇ ಕೇಳಿದ ಸಂವಾದ ಇನ್ನೂ ಜನರ ಬಾಯಲ್ಲಿರುತ್ತದೆ.

ಮೈಕಿನಲ್ಲಿ ಹೇಳುವುದು ಒಂದೇ ನಿಮಿಷ: ಸದಸ್ಯರಾದರೆ ಏನು ಸಿಗುತ್ತದೆ, ಎಷ್ಟು ಹಣ, ಚೀಟಿ ಯಾರ ಕೈಗೆ ಕೊಡಬೇಕು. ಸಂಘದ ಇತಿಹಾಸ, ದಾನಿಗಳ ಪಟ್ಟಿ ಆಗ ಬೇಡ. ಬಳಿಕ ಇಬ್ಬರು ಕುರ್ಚಿಗಳ ಸಾಲಿಗೇ ಹೋಗಿ ಚೀಟಿ ಕೊಡಲಿ. ಒಬ್ಬರಾದರೂ ಹೆಂಗಸರಿರಲಿ; ಹೆಂಗಸರ ಸಾಲಿನಲ್ಲಿ ಮಾತು ಸಲೀಸಾಗುತ್ತದೆ.

ಚೀಟಿಯಲ್ಲಿ ಮೂರೇ ವಿವರ: ಹೆಸರು, ಊರು, ಮೊಬೈಲ್ ನಂಬರು. ಕೆಳಗೆ ಗುರುತು ಹಾಕಲು ಮೂರು ಚೌಕ: ‘ಕೇಳಲು ಬರುತ್ತೇನೆ’, ‘ಕಲಿಯಬೇಕು’, ‘ಕೆಲಸಕ್ಕೆ ಕೈಜೋಡಿಸುತ್ತೇನೆ’. ಜನ್ಮದಿನಾಂಕ, ರಕ್ತದ ಗುಂಪು, ಪೂರ್ಣ ವಿಳಾಸ ಎಂದು ಹನ್ನೆರಡು ಕಾಲಂ ಇಟ್ಟರೆ ಚೀಟಿ ಮಡಚಿ ಕಿಸೆ ಸೇರುತ್ತದೆ. ತೊಡೆಯ ಮೇಲಿಟ್ಟೇ ಬರೆಯುವಂತೆ ಪೋಸ್ಟ್ ಕಾರ್ಡಿನಷ್ಟು ದಪ್ಪ ಕಾಗದವಿರಲಿ. ಬಾಲ್‌ಪೆನ್ನೇ ಕೊಡಿ; ಒದ್ದೆ ಕೈ ತಾಗಿದರೆ ಜೆಲ್ ಪೆನ್ನಿನ ಅಕ್ಷರ ಕಲಸಿ ನಂಬರು ಓದಲಾಗದು.

ಇಷ್ಟೆಲ್ಲ ಮಾಡಿಯೂ ಜನ ಸೇರದಿದ್ದರೆ ತಪ್ಪು ಚೀಟಿಯದ್ದಲ್ಲ. ಸದಸ್ಯನಲ್ಲದವನಿಗೂ ಅದೇ ಕುರ್ಚಿ, ಅದೇ ಚಾ ಇರುವಾಗ ಸೇರಿ ಪಡೆಯುವುದೇನು? ಮುಂದಿನ ಸಾಲನ್ನು ಸದಸ್ಯರಿಗೆ ಮೀಸಲಿಡುವ ಯೋಚನೆ ಮಾತ್ರ ಬೇಡ. ವರ್ಷಗಳಿಂದ ಬರುತ್ತಿರುವ ಹಿರಿಯರನ್ನು ಎಬ್ಬಿಸಿ ಹಿಂದೆ ಕೂರಿಸಿದರೆ ಅವರು ಮತ್ತೆ ಬರುವುದಿಲ್ಲ. ಅದರ ಬದಲು ಆಯ್ಕೆಯ ಹಕ್ಕು ಕೊಡಿ. ಮುಂದಿನ ಕೂಟಕ್ಕೆ ಮೂರು ಪ್ರಸಂಗ (ಯಕ್ಷಗಾನದ ಕಥೆ) ಸೂಚಿಸಿ, ಯಾವುದೆಂದು ಸದಸ್ಯರು ಮಾತ್ರ ಆರಿಸಲಿ. ಸಂಘದ ಕಪಾಟಿನಲ್ಲಿರುವ ಪ್ರಸಂಗ ಪುಸ್ತಕಗಳನ್ನು ಹದಿನೈದು ದಿನಕ್ಕೆ ಮನೆಗೊಯ್ಯಲು ಬಿಡಿ. ತಾನು ಆರಿಸಿದ ಪ್ರಸಂಗ ಎಂದಾದರೆ ಮನುಷ್ಯ ನೆರೆಮನೆಯವರನ್ನೂ ಕರೆದುಕೊಂಡು ಬರುತ್ತಾನೆ.

ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಒಂದು ಎಚ್ಚರಿಕೆ. ಚೀಟಿ ತುಂಬಿದವರನ್ನೆಲ್ಲ ಅಂದೇ ಸದಸ್ಯರ ರಿಜಿಸ್ಟರಿಗೆ ಏರಿಸಬೇಡಿ. ಮಹಾಸಭೆಯ ಕೋರಂ (ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ) ಒಟ್ಟು ಸದಸ್ಯರ ಇಂತಿಷ್ಟು ಪಾಲು ಎಂದು ಬೈಲಾದಲ್ಲಿದ್ದರೆ ಪೇಚಿಗೆ ಸಿಗುತ್ತೀರಿ. ಮೂರನೇ ಒಂದು ಎಂದಿಟ್ಟುಕೊಳ್ಳಿ: 23 ಸದಸ್ಯರಿದ್ದಾಗ 8 ಜನ ಸಾಕು, 150 ಆದರೆ 50 ಜನ ಬೇಕು, ಬರದಿದ್ದರೆ ಸಭೆಯೇ ಮುಂದೆ ಹೋಗುತ್ತದೆ. ಹಾಗಾಗಿ ಮೊದಲ ಮೂರು ತಿಂಗಳು ಹಣವಿಲ್ಲದ ‘ಬಳಗ’ವಿರಲಿ. ಪ್ರಸಂಗದ ಆಯ್ಕೆ, ಪುಸ್ತಕ ಎರಡೂ ಅವರಿಗೂ ಸಿಗಲಿ, ಮಹಾಸಭೆಯ ಮತ ಮಾತ್ರ ಬೇಡ. ಮೂರರಲ್ಲಿ ಎರಡು ಕೂಟಕ್ಕೆ ಬಂದವರಿಂದ ಅರ್ಜಿ, ವರ್ಷಕ್ಕೆ ನೂರು ರೂಪಾಯಿ ಪಡೆದು ರಶೀದಿ ಕೊಡಿ. ಕಾರ್ಯಕಾರಿ ಸಮಿತಿ ಒಪ್ಪಿದ ಮೇಲೆ ಹೆಸರು, ವಿಳಾಸ, ಸೇರಿದ ದಿನಾಂಕ ಬರೆದುಕೊಳ್ಳಿ.

ಚೀಟಿ ತುಂಬಿದವರು ಜಾರಿಹೋಗುವುದು ಮೊದಲ ಹದಿನೈದು ದಿನಗಳಲ್ಲಿ. ಎರಡು ದಿನದೊಳಗೆ ಅವರ ಹೆಸರು ಹಿಡಿದು ಒಂದು ಸಂದೇಶ ಹೋಗಲಿ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿ) 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿರದಿದ್ದರೆ ಸಂದೇಶ ತಲುಪುವುದೇ ಇಲ್ಲ. ಎಷ್ಟೋ ಸಂಘಗಳು ಇದು ತಿಳಿಯದೆ ‘ಹೇಳಿದರೂ ಬರಲಿಲ್ಲ’ ಎಂದು ಬೇಸರಪಡುತ್ತವೆ. ಚೀಟಿ ಪಡೆಯುವಾಗಲೇ ಸಂಘದ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿ. ‘ಕೆಲಸಕ್ಕೆ ಕೈಜೋಡಿಸುತ್ತೇನೆ’ ಎಂದವರಿಗೆ ಮುಂದಿನ ಕೂಟದಲ್ಲೇ ಸಣ್ಣದೊಂದು ಕೆಲಸ ಒಪ್ಪಿಸಿ: ಕುರ್ಚಿ ಹಾಕುವುದು, ಚಾ ಹಂಚುವುದು. ಕೇಳಿಯೂ ಕರೆಯದಿದ್ದರೆ ಅವರು ಎರಡನೇ ಸಲ ಗುರುತು ಹಾಕುವುದಿಲ್ಲ.

ಇದನ್ನೆಲ್ಲ ಶುರುಮಾಡಲು ಪತ್ತನಾಜೆಯಿಂದ (ಮೇ ಕೊನೆಯ ಹೊತ್ತಿಗೆ ಮೇಳಗಳ ತಿರುಗಾಟ ಮುಗಿಯುವ ದಿನ) ದೀಪಾವಳಿವರೆಗಿನ ಅವಧಿ ಹೇಳಿ ಮಾಡಿಸಿದ್ದು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ನೋಡಲು ಯಕ್ಷಗಾನದ ಆಟವಿಲ್ಲದ ಜನ ಕೂಟ ಹುಡುಕಿಕೊಂಡು ಬರುತ್ತಾರೆ.

ಪ್ರಶ್ನೆ: ಮಹಿಳಾ ಬಳಗಕ್ಕೆ ಸೇರಲು ನಂಬರು ಕೊಟ್ಟರೆ ಗ್ರೂಪಿನಲ್ಲಿ ಎಲ್ಲರಿಗೂ ಕಾಣುತ್ತದೆಂದು ಹಲವರು ಹಿಂಜರಿಯುತ್ತಾರೆ. ದಾರಿ ಇದೆಯೇ?
– ಓದುಗರು, ಸುರತ್ಕಲ್

ಉತ್ತರ: ಅವರ ಹಿಂಜರಿಕೆ ನ್ಯಾಯವಾದದ್ದು. ಗ್ರೂಪಿನಲ್ಲಿ ನಂಬರು ಉಳಿದ ಸದಸ್ಯರಿಗೆ ಕಾಣುತ್ತದೆ. ಬ್ರಾಡ್‌ಕಾಸ್ಟಿನಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದ್ದರಿಂದ ಚೀಟಿಯಲ್ಲೇ ಕೇಳಿ: ‘ಗ್ರೂಪಿಗೆ ಸೇರಿಸಬಹುದೇ, ಸೂಚನೆ ಮಾತ್ರ ಸಾಕೇ?’ ನಂಬರು ಯಾವುದಕ್ಕೆ ಬೇಕು ಎಂಬುದನ್ನೂ ಅಲ್ಲೇ ಒಂದು ಸಾಲಿನಲ್ಲಿ ಅಚ್ಚು ಹಾಕಿಸಿ. ಪ್ರಾಯೋಜಕರು ಕೇಳಿದರೂ ಪಟ್ಟಿ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಉದ್ದೇಶ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. 18 ತುಂಬದ ಹುಡುಗಿಯರಾದರೆ ಹೆತ್ತವರ ಒಪ್ಪಿಗೆ ಬೇಕು.

ಪ್ರಶ್ನೆ: ಆಜೀವ ಸದಸ್ಯತ್ವಕ್ಕೆ 500 ರೂಪಾಯಿ ಇಟ್ಟರೆ ಜನ ಬೇಗ ಸೇರುತ್ತಾರಲ್ಲವೇ?
– ಓದುಗರು, ಕಾಪು

ಉತ್ತರ: ಸೇರುತ್ತಾರೆ, ಆದರೆ ಸಂಘ ಸೋಲುತ್ತದೆ. ಬ್ಯಾಂಕಿನಲ್ಲಿ ಶೇ. 6 ಬಡ್ಡಿ ಸಿಕ್ಕಿದರೆ 500ಕ್ಕೆ ವರ್ಷಕ್ಕೆ 30 ರೂಪಾಯಿ. ವರ್ಷದ ಚಂದಾ 100 ಆಗಿದ್ದರೆ ಆಜೀವಕ್ಕೆ 2,000 ಇಡಿ. ಆಗ ಬಡ್ಡಿಯೇ 120 ಆಗುತ್ತದೆ. ಆ ಹಣವನ್ನು ಬೇರೆ ಠೇವಣಿಯಲ್ಲಿಟ್ಟು ಬಡ್ಡಿಯನ್ನಷ್ಟೇ ಖರ್ಚು ಮಾಡಿ. ಹೊಸಬರಿಗೆ ಕನಿಷ್ಠ ಒಂದು ವರ್ಷ ಸಾಮಾನ್ಯ ಸದಸ್ಯತ್ವ ಕಳೆದ ಮೇಲಷ್ಟೇ ಆಜೀವದ ಅರ್ಜಿ ಕೊಡಿ.