ಆಪ್ತಸಲಹೆ ಪ್ರಕರಣ: ರಾತ್ರಿ 11.40ರ ಸ್ಟೋರಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

“ಇಲ್ಲಿ ಓಡಲು ಕಾಲು ಬೇಡ, ಬಾಲ ಇದ್ದರೆ ಸಾಕು.”

ಕಾಲೇಜಿನ ರಿಲೇ ತಂಡದ ಪಟ್ಟಿಯ ಫೋಟೊ ತೆಗೆದು, ತನ್ನ ಹೆಸರು ಇರಬೇಕಿದ್ದ ಜಾಗಕ್ಕೆ ಕೆಂಪು ಸುತ್ತು ಹಾಕಿ, ಕೆಳಗೆ ಈ ಸಾಲು ಬರೆದು 19 ವರ್ಷದ ಓಟಗಾರ್ತಿ ರಾತ್ರಿ 11.40ಕ್ಕೆ ಇನ್‌ಸ್ಟಾಗ್ರಾಂ ಸ್ಟೋರಿಗೆ ಏರಿಸಿದ್ದಳು. ಬೆಳಗಿನ ಅಭ್ಯಾಸಕ್ಕೆ ಬರುವ ಮೊದಲೇ ಅಳಿಸಿದಳು. ಸ್ಟೋರಿ ತಾನಾಗಿಯೇ 24 ಗಂಟೆಯಲ್ಲಿ ಮಾಯವಾಗುತ್ತದೆ, ನಿಜ; ಸ್ಕ್ರೀನ್‌ಶಾಟಿಗೆ ಅಂಥ ಆಯುಸ್ಸಿನ ಮಿತಿ ಇಲ್ಲ. ಸಾಲೇನೋ ಚುರುಕಾಗಿದೆ. ಸಪ್ಪೆಯಾಗಿದ್ದರೆ ಯಾರೂ ತೆಗೆದಿಟ್ಟುಕೊಳ್ಳುತ್ತಿರಲಿಲ್ಲ.

ತರಬೇತುದಾರರು ಅವಳನ್ನು ನನ್ನ ಬಳಿ ಕಳಿಸಿದ್ದು ಒಂದು ಚೀಟಿಯೊಂದಿಗೆ: “ಪ್ರಬುದ್ಧತೆ ಇಲ್ಲ. ಬುದ್ಧಿ ಹೇಳಿ, ಬಹಿರಂಗ ಕ್ಷಮೆ ಬರೆಸಿ.” ಕ್ಷಮಾಪಣೆ ಬರೆಸುವುದು ನನ್ನ ಕೆಲಸವಲ್ಲ, ಅವಳು ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ ಎಂದು ಅವರಿಗೆ ಫೋನ್ ಮಾಡಿ ತಿಳಿಸಿದೆ. ಅವರಿಗೆ ಅದು ರುಚಿಸಲಿಲ್ಲ.

ಮೊದಲ ಭೇಟಿಯಲ್ಲಿ ಹುಡುಗಿ ವಕೀಲೆಯಂತೆ ತಯಾರಾಗಿ ಬಂದಿದ್ದಳು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2017ರಲ್ಲಿ ಚಿಯರ್‌ಲೀಡಿಂಗ್ ಮುಖ್ಯ ತಂಡಕ್ಕೆ ಆಯ್ಕೆಯಾಗದ ಶಾಲಾ ಹುಡುಗಿಯೊಬ್ಬಳು ಸ್ನ್ಯಾಪ್‌ಚಾಟ್‌ನಲ್ಲಿ ಶಾಲೆಯನ್ನು ಬೈದು ಶಿಕ್ಷೆಗೆ ಒಳಗಾಗಿದ್ದಳು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8–1ರ ಬಹುಮತದಿಂದ ಅವಳ ಪರ ತೀರ್ಪು ಕೊಟ್ಟಿತು. “ಅವಳು ಗೆದ್ದಳಲ್ಲ ಮೇಡಂ?” ಗೆದ್ದಳು. ಶಿಕ್ಷಿಸುವ ಅಧಿಕಾರ ಶಾಲೆಗೆ ಇತ್ತೇ ಎಂಬುದನ್ನು ಕೋರ್ಟ್ ನೋಡಿತು. ನಾನು ಕೇಳಿದ್ದು ಬೇರೆ: “ಆ ಸಾಲಿನಲ್ಲಿ ಬಾಲ ಯಾರದು?”

ತರಬೇತುದಾರರ ಹಿಂದೆ ಮುಂದೆ ಸುತ್ತುವವರದು ಎಂದಳು. ಹಾಗಾದರೆ ಪಟ್ಟಿಯಲ್ಲಿ ನಿನ್ನ ಜಾಗಕ್ಕೆ ಬಂದ ಹೆಸರು ಯಾರದು? ಅವಳು ಉತ್ತರಿಸಲಿಲ್ಲ. ಬ್ಯಾಗಿನ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಆ ಹೆಸರು ಅವಳ ಕೋಣೆಯ ಗೆಳತಿಯದು. ಸ್ಟೋರಿಯನ್ನು ಮೊದಲು ನೋಡಿದವರಲ್ಲಿ ಅವಳೂ ಒಬ್ಬಳು. ಮೂರು ದಿನದಿಂದ ಕೋಣೆಯಲ್ಲಿ ಮಾತಿಲ್ಲ. ಅದು ತರಬೇತುದಾರರ ಮಾತು ಕೇಳಿ ಎಂದೇ ಇವಳು ನಂಬಿದ್ದಳು!

ಎರಡನೆಯ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಂತು. ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿದೆ ಎಂದು ಎರಡು ಸಲ ಹೇಳಿದ್ದಳಂತೆ. “ನೋವು ಯಾರಿಗಿಲ್ಲ?” ಎಂಬ ಉತ್ತರ ಸಿಕ್ಕಿತ್ತು. ನೋವಿನಲ್ಲೇ ಓಡಿದಳು, ಸಮಯ ಕುಸಿಯಿತು, ಹೆಸರು ಹೋಯಿತು. ಇಷ್ಟು ಗಟ್ಟಿ ದೂರು ಕೈಯಲ್ಲಿದ್ದೂ ಸ್ಟೋರಿಯಲ್ಲಿ ಅದರ ಒಂದಕ್ಷರ ಇರಲಿಲ್ಲ. ಬಾಲದ ಮಾತು ಅದನ್ನು ನುಂಗಿಹಾಕಿತ್ತು. ಈಗ ಎಲ್ಲರೂ ಚರ್ಚಿಸುತ್ತಿದ್ದುದು ಅವಳ ನಾಲಿಗೆಯನ್ನು. ಕಾಲಿನ ಬಗ್ಗೆ ಕೇಳುವವರೇ ಇಲ್ಲ.

ಆವೇಗಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ 25ರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಓರಗೆಯವರು ನೋಡುತ್ತಿದ್ದಾರೆ ಎಂದರೆ ಹರೆಯದವರ ದುಡುಕು ಇನ್ನಷ್ಟು ಹೆಚ್ಚುತ್ತದೆ. ಇದನ್ನು ಅವಳಿಗೂ ವಿವರಿಸಿದೆ, ರಿಯಾಯಿತಿಯಾಗಿ ಅಲ್ಲ. ಆದರೆ “ಪ್ರಬುದ್ಧತೆ ಇಲ್ಲ” ಎಂಬ ಚೀಟಿ ಬರೆದವರಿಗೆ 25 ದಾಟಿ ಬಹಳ ಕಾಲವಾಗಿದೆ. ದೂರಿನ ಧಾಟಿ ಹಿಡಿದು ದೂರನ್ನೇ ತಳ್ಳಿಹಾಕುವುದು ಹಿರಿಯರಿಗೆ ಸುಲಭದ ದಾರಿ. ಆ ದಾರಿಯನ್ನು ಇವಳೇ ತೆರೆದುಕೊಟ್ಟಿದ್ದಳು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಗೆಳತಿಯ ಬಳಿ ಹೋಗು, ಫೋನ್ ಬದಿಗಿಟ್ಟು. “ನಿನಗೆ ಬೇಸರವಾಗಿದ್ದರೆ” ಎಂದು ಶುರು ಮಾಡಬೇಡ, ಬೇಸರವಾಗಿದೆ. “ನಿನ್ನನ್ನು ಉದ್ದೇಶಿಸಿರಲಿಲ್ಲ” ಎಂಬ ವಾದವನ್ನೂ ಅಂದೇ ಮಂಡಿಸಬೇಡ. ಅವಳು ಬೈದರೆ ಬೈಸಿಕೋ. ಆಮೇಲೆ ದೂರನ್ನು ಎರಡಾಗಿ ಒಡೆ. ಆಯ್ಕೆಯ ಬಗ್ಗೆ ತರಬೇತುದಾರರನ್ನು ನೇರವಾಗಿ ಕೇಳು: ಯಾವ ದಿನದ ಸಮಯ ನೋಡಿ ಆರಿಸಿದಿರಿ ಎಂದು. ಗಾಯದ ವಿಷಯವನ್ನು ಮಾತಿನಲ್ಲಿ ಮುಗಿಸಬೇಡ. ನೋವು ಶುರುವಾದ ದಿನ, ಯಾರಿಗೆ, ಯಾವಾಗ ಹೇಳಿದೆ, ಏನು ಉತ್ತರ ಬಂತು, ಫಿಸಿಯೋಥೆರಪಿಸ್ಟ್ ವರದಿ, ಇಷ್ಟನ್ನು ಒಂದು ಪುಟದಲ್ಲಿ ಬರೆದು ದೈಹಿಕ ಶಿಕ್ಷಣ ನಿರ್ದೇಶಕರಿಗೂ ಪ್ರಾಂಶುಪಾಲರಿಗೂ ಕೊಡು. ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೋ. ರಾತ್ರಿ ಸಿಟ್ಟು ಬಂದರೆ ಕಾಗದದ ಮೇಲೆ ಬರೆ, ಕಾಗದಕ್ಕೆ ‘ಪೋಸ್ಟ್’ ಗುಂಡಿ ಇಲ್ಲ.

“ಅವರು ಕೇಳದಿದ್ದರೆ?” ಎಂದಳು. ಎಲ್ಲ ಬಾಗಿಲು ತಟ್ಟಿಯೂ ಯಾರೂ ತೆರೆಯದಿದ್ದರೆ ಹೊರಗೆ ಹೇಳುವ ಹಕ್ಕು ನಿನಗಿದೆ. ಕಿರುಕುಳದಂಥ ವಿಷಯವಾದರೆ ಒಳಗಿನವರು ಏಳಲಿ ಎಂದು ಕಾಯಬೇಕಾಗಿಯೂ ಇಲ್ಲ ಎಂದೆ. ಬಾಯಿ ಮುಚ್ಚಿಕೊಂಡಿರುವುದನ್ನೇ ಪ್ರಬುದ್ಧತೆ ಎಂದು ಕಲಿಸಿದರೆ ನಾಳೆ ನಿಜವಾದ ಅನ್ಯಾಯಕ್ಕೂ ಈ ಮಕ್ಕಳು ಬಾಯಿ ತೆರೆಯಲಾರರು ಎಂಬ ಭಯ ನನ್ನದು.

ಪತ್ರಕ್ಕೆ ಹತ್ತು ದಿನದಲ್ಲಿ ಉತ್ತರ ಬಂತು: ಮೂರು ವಾರ ವಿಶ್ರಾಂತಿ, ಆಮೇಲೆ ಮತ್ತೆ ಸಮಯ ಪರೀಕ್ಷೆ. ತರಬೇತುದಾರರು ನನಗೆ ಇನ್ನೂ ಫೋನ್ ಮಾಡಿಲ್ಲ.

ಕೊನೆಯ ಭೇಟಿಯ ಹೊತ್ತಿಗೆ ಅವಳು ನಾಲ್ಕನೆಯ ಓಟಗಾರ್ತಿಯಾಗಿ ಅಭ್ಯಾಸ ಶುರು ಮಾಡಿದ್ದಳು. ಮೂರನೆಯವಳು ಅದೇ ಗೆಳತಿ. 4×100 ರಿಲೇಯಲ್ಲಿ ಬ್ಯಾಟನ್ ಪಡೆಯುವವಳು ಹಿಂದೆ ತಿರುಗಿ ನೋಡುವುದಿಲ್ಲ. ಹಿಂದಿನವಳು ಕೂಗಿದೊಡನೆ ಕೈ ಹಿಂದಕ್ಕೆ ಚಾಚಬೇಕು, 30 ಮೀಟರ್ ವಲಯದೊಳಗೆ ಬ್ಯಾಟನ್ ಕೈ ಬದಲಾಗಬೇಕು. ಕ್ಷಮೆ ಕೇಳಿದ್ದಾಯಿತು ಎಂದಳು. ಗೆಳತಿ “ಸರಿ” ಎಂದಷ್ಟೇ ಹೇಳಿ ದೀಪ ಆರಿಸಿದಳಂತೆ.

“ಈಗ?” ಎಂದೆ.

“ಬ್ಯಾಟನ್ ಕೊಡುವಾಗ ಕೂಗುತ್ತಾಳೆ ಮೇಡಂ. ಅದೊಂದೇ ಮಾತು.”