ಸಿಲ್ಡೆನಾಫಿಲೋ, ಟಡಾಲಫಿಲೋ? ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಶಿಶ್ನ ಸರಿಯಾಗಿ ನಿಮಿರದ ತೊಂದರೆ ಮತ್ತು ಅದಕ್ಕೆ ಮೆಡಿಕಲ್‌ನಲ್ಲಿ ಸಿಗುವ ಗುಳಿಗೆಗಳು. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಊರು, ವಯಸ್ಸು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೆ 52 ವರ್ಷ. ಎಂಟು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಬಿಪಿಗೆ ಅಮ್ಲೋಡಿಪಿನ್ ಇದೆ. ಡಾಕ್ಟರು ಸಿಲ್ಡೆನಾಫಿಲ್ 50 ಬರೆದುಕೊಟ್ಟರು. ಮೊದಲ ಸಲ ಚೆನ್ನಾಗಿ ಕೆಲಸ ಮಾಡಿತು, ಆಮೇಲೆ ಮೂರು ಸಲ ಏನೂ ಆಗಲಿಲ್ಲ. ಮೆಡಿಕಲ್‌ನವರು ‘ಟಡಾಲಫಿಲ್ ತಗೊಳ್ರಿ, ಅದು ಜಾಸ್ತಿ ಪವರ್, 36 ತಾಸು ಇರ್ತದ’ ಅನ್ನುತ್ತಾರೆ. ಯಾವುದು ಹೆಚ್ಚು ಬಲದ್ದು? (ಸಿಂಧನೂರು)

ಉತ್ತರ: ಬಲದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಸಮಯದಲ್ಲಿ ಮತ್ತು ಊಟದಲ್ಲಿ. ಕೆಲಸ ಮಾಡದ ಆ ಮೂರು ರಾತ್ರಿ ಏನು ಉಂಡಿದ್ದಿರಿ, ಉಂಡ ಎಷ್ಟು ಹೊತ್ತಿಗೆ ಗುಳಿಗೆ ನುಂಗಿದಿರಿ ಎಂಬುದನ್ನು ನೀವು ಬರೆದಿಲ್ಲ. ಬಹಳಷ್ಟು ಜನರಲ್ಲಿ ತಪ್ಪಿರುವುದು ಅಲ್ಲೇ.

ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ತುಪ್ಪ ಹಾಕಿಕೊಂಡು ಹೊಟ್ಟೆ ತುಂಬ ರೊಟ್ಟಿ ಉಂಡು, ಒಂಬತ್ತೂವರೆಗೆ ಸಿಲ್ಡೆನಾಫಿಲ್ ನುಂಗಿದರೆ ಅದು ಜಿಡ್ಡಿನ ಊಟದ ಜೊತೆ ಹೊಟ್ಟೆಯಲ್ಲೇ ನಿಲ್ಲುತ್ತದೆ. ರಕ್ತಕ್ಕೆ ಸೇರುವುದು ಸುಮಾರು ಒಂದು ತಾಸು ತಡ. ಸೇರಿದಾಗಲೂ ಗರಿಷ್ಠ ಮಟ್ಟ ಕಾಲು ಭಾಗಕ್ಕಿಂತ ಹೆಚ್ಚು ತಗ್ಗಿರುತ್ತದೆ. ಹತ್ತೂವರೆಗೆ ‘ಏನೂ ಆಗಲಿಲ್ಲ’ ಎಂದು ಮಲಗುತ್ತೀರಿ. ಆದ್ದರಿಂದ ಸಿಲ್ಡೆನಾಫಿಲ್‌ಗೆ ಒಂದೇ ಕ್ರಮ: ಹಗುರ ಊಟ, ಎರಡು ತಾಸು ಬಿಡುವು, ಆಮೇಲೆ ಗುಳಿಗೆ, ಅಲ್ಲಿಂದ ಒಂದು ತಾಸು ಕಾಯುವುದು. ಪರಿಣಾಮ ನಾಲ್ಕೈದು ತಾಸು ಇರುತ್ತದೆ. ದಿನಕ್ಕೆ ಒಂದೇ ಸಲ. ಮೊದಲನೆಯದು ಕೆಲಸ ಮಾಡಲಿಲ್ಲವೆಂದು ಅದೇ ರಾತ್ರಿ ಇನ್ನೊಂದು ನುಂಗುವಂತಿಲ್ಲ.

ಟಡಾಲಫಿಲ್‌ಗೆ ಊಟದ ಹಂಗಿಲ್ಲ. 10 ಅಥವಾ 20 ಮಿಲಿಗ್ರಾಂ, ಎರಡು ತಾಸು ಮೊದಲು ತೆಗೆದುಕೊಂಡರೆ ಸಾಕು. ದೇಹದಲ್ಲಿ ಅದರ ಅರ್ಧ ಕರಗಲು ಹದಿನೇಳೂವರೆ ತಾಸು ಬೇಕು, ಸಿಲ್ಡೆನಾಫಿಲ್‌ಗೆ ಸುಮಾರು ನಾಲ್ಕೇ ತಾಸು. ಅದಕ್ಕೇ ಆ 36 ತಾಸಿನ ಮಾತು. ಅಷ್ಟೂ ಹೊತ್ತು ಶಿಶ್ನ ನಿಮಿರಿಯೇ ಇರುತ್ತದೆ ಎಂದು ಇದರ ಅರ್ಥವಲ್ಲ. ಆ ಅವಧಿಯಲ್ಲಿ ಮನಸ್ಸಿಗೆ ಆಸೆ ಬಂದಾಗ, ಮುಟ್ಟಿದಾಗ ನಿಮಿರಲು ಅನುಕೂಲವಾಗುತ್ತದೆ, ಅಷ್ಟೆ. ಇದು ಎಲ್ಲ ಗುಳಿಗೆಗೂ ಅನ್ವಯಿಸುವ ಮಾತು: ಕಾಮೋದ್ರೇಕವಾದಾಗ ದೇಹ ತಾನೇ ಒಂದು ರಾಸಾಯನಿಕ ಬಿಡುತ್ತದೆ, ಅದರಿಂದ ರಕ್ತನಾಳ ಸಡಿಲವಾಗಿ ರಕ್ತ ತುಂಬುತ್ತದೆ. ಪಿಡಿಇ-5 ಎಂಬ ಕಿಣ್ವ ಆ ರಾಸಾಯನಿಕವನ್ನು ಒಡೆದುಹಾಕುತ್ತದೆ. ಗುಳಿಗೆ ಆ ಕಿಣ್ವವನ್ನು ತಡೆಯುತ್ತದೆ. ಉದ್ರೇಕವೇ ಇಲ್ಲದಿದ್ದರೆ ಗುಳಿಗೆಗೆ ಮಾಡಲು ಕೆಲಸವಿಲ್ಲ. ನುಂಗಿ, ಟಿವಿ ನೋಡುತ್ತಾ, ‘ಯಾವಾಗ ಆಗುತ್ತದೆ’ ಎಂದು ಕಾಯುವವರಿಗೆ ಅದು ಆಗುವುದೇ ಇಲ್ಲ.

ಟಡಾಲಫಿಲ್‌ನ ತೊಂದರೆಯೂ ಹಾಗೇ ದೀರ್ಘ. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ಎದೆಯುರಿ ಎರಡರಲ್ಲೂ ಇವೆ. ಟಡಾಲಫಿಲ್‌ನಲ್ಲಿ ಸೊಂಟನೋವು, ತೊಡೆನೋವು ಹೆಚ್ಚು, ಅದೂ 12ರಿಂದ 24 ತಾಸಿನ ನಂತರ. ಮರುದಿನ ಗೋಣಿಚೀಲ ಎತ್ತಿದ್ದಕ್ಕೆ ಬಂದದ್ದೆಂದು ಅನೇಕರು ತಿಳಿಯುತ್ತಾರೆ. ಎರಡು ದಿನದಲ್ಲಿ ಹೋಗುತ್ತದೆ.

ಇನ್ನೆರಡು ಹೆಸರು ಕೇಳಿರಬಹುದು. ಅವನಾಫಿಲ್ (100, 200) ಕೆಲವರಲ್ಲಿ ಕಾಲು ತಾಸಿಗೇ ಶುರುವಾಗುತ್ತದೆ, ಬೆಲೆ ಹೆಚ್ಚು. ವಾರ್ಡೆನಾಫಿಲ್ (10, 20) ಬಹುಮಟ್ಟಿಗೆ ಸಿಲ್ಡೆನಾಫಿಲ್‌ನಂತೆಯೇ. ಇಸಿಜಿಯಲ್ಲಿ ಕ್ಯುಟಿ ಅಂತರ (ಒಂದು ಬಡಿತದ ನಂತರ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು) ಹೆಚ್ಚಿರುವವರಿಗೆ ವಾರ್ಡೆನಾಫಿಲ್ ಬೇಡ.

ನೀವೀಗ ಮಾಡಬೇಕಾದ್ದು ಇಷ್ಟು. ಗುಳಿಗೆ ಬದಲಿಸುವ ಮೊದಲು ಅದೇ 50ನ್ನು ಸರಿಯಾದ ಕ್ರಮದಲ್ಲಿ, ಬೇರೆ ಬೇರೆ ದಿನ, ಕನಿಷ್ಠ ನಾಲ್ಕು ಸಲ ನೋಡಿ. ಸಾಲದಿದ್ದರೆ ವೈದ್ಯರು 100ಕ್ಕೆ ಏರಿಸಬಹುದು, ಅದಕ್ಕಿಂತ ಮೇಲಿಲ್ಲ. ಪೂರ್ಣ ಪ್ರಮಾಣದಲ್ಲಿ ಆರೆಂಟು ಸಲ ಸೋತರೆ ಮಾತ್ರ ‘ಈ ಔಷಧ ನನಗಾಗದು’ ಎನ್ನಬಹುದು. ಶುಗರ್ ಇರುವವರಲ್ಲಿ ನರವೂ ರಕ್ತನಾಳವೂ ಸವೆದಿರುವುದರಿಂದ ಯಾವ ಗುಳಿಗೆಯೂ ಇತರರಲ್ಲಿ ಕೆಲಸ ಮಾಡಿದಷ್ಟು ಮಾಡುವುದಿಲ್ಲ. ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ ಎಷ್ಟಿದೆ ನೋಡಿಸಿ. ಅದು 9, 10ರಲ್ಲಿದ್ದರೆ ಗುಳಿಗೆ ಬದಲಿಸುತ್ತಾ ಕೂತು ಪ್ರಯೋಜನವಿಲ್ಲ. ಅಮ್ಲೋಡಿಪಿನ್ ಜೊತೆ ಬಿಪಿ ಇನ್ನೊಂದಿಷ್ಟು ಇಳಿಯುತ್ತದೆ, ಸಾಮಾನ್ಯವಾಗಿ ಅಪಾಯವಿಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ದಿನವಿಡೀ ಬೆವರಿದ ರಾತ್ರಿ ಮಾತ್ರ ಚೆನ್ನಾಗಿ ನೀರು ಕುಡಿಯಿರಿ, ಹಾಸಿಗೆಯಿಂದ ದಿಢೀರನೆ ಏಳಬೇಡಿ. ಗುಳಿಗೆಗಳು ಸೋತರೂ ದಾರಿ ಮುಗಿಯುವುದಿಲ್ಲ: ಯೂರಾಲಜಿಸ್ಟರ ಬಳಿ ನಿರ್ವಾತ ಪಂಪ್, ಶಿಶ್ನಕ್ಕೆ ಕೊಡುವ ಇಂಜೆಕ್ಷನ್, ಕೊನೆಗೆ ಶಸ್ತ್ರಚಿಕಿತ್ಸೆಯಲ್ಲಿ ಕೂರಿಸುವ ಇಂಪ್ಲಾಂಟ್ ಇವೆ.

ಪ್ರಶ್ನೆ: ವಯಸ್ಸು 61. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಎದೆನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಸಾರ್ಬಿಟ್ರೇಟ್ ಜೇಬಲ್ಲೇ ಇರುತ್ತದೆ, ತಿಂಗಳಿಗೊಮ್ಮೆ ಬೇಕಾಗುತ್ತದೆ. ‘ಅರ್ಧ ಗುಳಿಗಿ ತಗೊಂಡ್ರ ಏನೂ ಆಗಂಗಿಲ್ಲ’ ಎಂದು ಗೆಳೆಯರು ಹೇಳುತ್ತಾರೆ. (ಕುಷ್ಟಗಿ)

ಉತ್ತರ: ಅರ್ಧವೂ ಬೇಡ, ಕಾಲೂ ಬೇಡ. ಸಾರ್ಬಿಟ್ರೇಟ್ ಒಂದು ನೈಟ್ರೇಟ್. ಅದು ಹಿಗ್ಗಿಸುವ ರಕ್ತನಾಳಗಳನ್ನೇ ಈ ಗುಳಿಗೆಯೂ ಹಿಗ್ಗಿಸುತ್ತದೆ. ಎರಡೂ ಸೇರಿದರೆ ಬಿಪಿ ಏಕಾಏಕಿ ಕುಸಿದು ಪ್ರಾಣ ಹೋಗಬಹುದು. ಮಾನೋನೈಟ್ರೇಟ್ ಗುಳಿಗೆ, ನೈಟ್ರೋಗ್ಲಿಸರಿನ್ ಸ್ಪ್ರೇ, ನಿಕೊರಾಂಡಿಲ್ ಎಲ್ಲವೂ ಇದೇ ಗುಂಪಿನ ಅಪಾಯದವು. ನಿಮ್ಮ ಚೀಟಿಯಲ್ಲಿ ಇವುಗಳಲ್ಲಿ ಯಾವುದಿದ್ದರೂ ಈ ಗುಳಿಗೆಗಳ ದಾರಿ ಮುಚ್ಚಿದಂತೆ.

ಆದರೆ ಒಂದು ಮಾತು ಕೇಳಿಕೊಳ್ಳಿ. ಸ್ಟೆಂಟ್ ಹಾಕಿದ ಎರಡು ವರ್ಷದ ಮೇಲೂ ತಿಂಗಳಿಗೊಮ್ಮೆ ಎದೆನೋವು ಬರುತ್ತಿದೆ ಎಂಬುದೇ ನಮಗೆ ನಿಮ್ಮ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು. ಹೃದ್ರೋಗ ತಜ್ಞರಿಗೆ ಇದನ್ನು ಈ ವಾರವೇ ಹೇಳಿ. ಎದೆನೋವು ನಿಂತು, ನೈಟ್ರೇಟ್ ಬೇಡವೆಂದು ಅವರೇ ಬರೆದುಕೊಟ್ಟು, ಎರಡು ಮಹಡಿ ಮೆಟ್ಟಿಲನ್ನು ಬಿರುಸಾಗಿ ಹತ್ತಿದರೂ ತೊಂದರೆಯಾಗದಿದ್ದರೆ ಆಗ ಗುಳಿಗೆಯ ವಿಚಾರ ಎತ್ತಬಹುದು. ಅಲ್ಲಿಯವರೆಗೆ ನಿರ್ವಾತ ಪಂಪ್ ಬಗ್ಗೆ ಕೇಳಿ. ಅದು ರಕ್ತದಲ್ಲಿ ಏನನ್ನೂ ಬೆರೆಸುವುದಿಲ್ಲ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಗುಳಿಗೆ ಇದ್ದೇ ಇರುತ್ತದೆ, ಪಂಪ್‌ನಿಂದ ಚರ್ಮ ಕಂದಬಹುದು ಎಂದು ತಿಳಿದಿರಲಿ. ಪಂಪ್ ಬಳಸಿದ ಮೇಲೆ ಶಿಶ್ನದ ಬುಡಕ್ಕೆ ಹಾಕುವ ಬಿಗಿ ಉಂಗುರವನ್ನು ಅರ್ಧ ತಾಸಿನೊಳಗೆ ತೆಗೆಯಲೇಬೇಕು.

ಈ ಗುಳಿಗೆ ನುಂಗಿದ ಯಾರಿಗೇ ಆಗಲಿ ಎದೆನೋವು ಬಂದರೆ ಸಾರ್ಬಿಟ್ರೇಟ್ ಇಟ್ಟುಕೊಳ್ಳಬಾರದು. 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ಗುಳಿಗೆಯ ಹೆಸರು ಮತ್ತು ನುಂಗಿದ ಹೊತ್ತು. ಸಿಲ್ಡೆನಾಫಿಲ್ ಆದರೆ 24 ತಾಸು, ಟಡಾಲಫಿಲ್ ಆದರೆ 48 ತಾಸು ನೈಟ್ರೇಟ್ ಕೊಡುವಂತಿಲ್ಲ. ಹೆಂಡತಿಗಾದರೂ ಇದು ಗೊತ್ತಿರಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಔಷಧ ಕೊಟ್ಟವರೇ ಅರಿಯದೆ ಕೊಂದಂತಾಗುತ್ತದೆ.

ಪ್ರಶ್ನೆ: 29 ವರ್ಷ, ಮದುವೆಯಾಗಿ ನಾಲ್ಕು ತಿಂಗಳು. ಬೆಳಿಗ್ಗೆ ಏಳುವಾಗ ಚೆನ್ನಾಗಿ ನಿಮಿರಿರುತ್ತದೆ, ಹೆಂಡತಿಯ ಹತ್ತಿರ ಹೋದಾಗ ಇಳಿದುಹೋಗುತ್ತದೆ. ಚೀಟಿ ಇಲ್ಲದೆ ನೂರರ ಗುಳಿಗೆ ತಂದೆ, ತಲೆ ಸಿಡಿಯಿತು, ಬಲ್ಬಿನ ಬೆಳಕು ನೀಲಿ ನೀಲಿ ಕಂಡಿತು. ಕಣ್ಣು ಹೋಗುತ್ತದೆಯೇ? (ಬಳ್ಳಾರಿ)

ಉತ್ತರ: ಹೋಗುವುದಿಲ್ಲ. ಕಣ್ಣಿನ ಪರದೆಯಲ್ಲಿ ಪಿಡಿಇ-5ರ ಅಣ್ಣತಮ್ಮನಂಥ ಇನ್ನೊಂದು ಕಿಣ್ವವಿದೆ. ದೊಡ್ಡ ಪ್ರಮಾಣದ ಸಿಲ್ಡೆನಾಫಿಲ್ ಅದನ್ನೂ ತಡೆಯುವುದರಿಂದ ಕೆಲವು ತಾಸು ನೀಲಿ ಛಾಯೆ ಕಾಣುತ್ತದೆ. ಒಂದು ಕಣ್ಣು ದಿಢೀರನೆ ಮಂಜಾದರೆ ಅಥವಾ ಕಿವಿ ಕೇಳದಾದರೆ ಮಾತ್ರ ಅದು ತುರ್ತು. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು.

ಬೆಳಗಿನ ನಿಮಿರುವಿಕೆ ಇದೆಯೆಂದರೆ ನರ, ರಕ್ತನಾಳ ಸುಸ್ಥಿತಿಯಲ್ಲಿವೆ. ನಿಮ್ಮದು ‘ಆಗುತ್ತದೋ ಇಲ್ಲವೋ’ ಎಂಬ ಭಯ. ಭಯದಲ್ಲಿ ಸುರಿಯುವ ಅಡ್ರಿನಲಿನ್ ರಕ್ತನಾಳವನ್ನು ಬಿಗಿಗೊಳಿಸುತ್ತದೆ, ನಿಮಿರಿದ್ದು ಇಳಿಯುತ್ತದೆ, ಮರುದಿನ ಭಯ ಇಮ್ಮಡಿ. ಎರಡು ಮೂರು ವಾರ ಸಂಭೋಗವೇ ಬೇಡವೆಂದು ಇಬ್ಬರೂ ಮಾತಾಡಿಕೊಂಡು, ಮುಟ್ಟುವುದು, ತಬ್ಬುವುದು ಇಷ್ಟಕ್ಕೇ ನಿಲ್ಲಿಸಿ. ಪರೀಕ್ಷೆಯೇ ಇಲ್ಲವೆಂದ ಮೇಲೆ ಫೇಲಾಗುವ ಹೆದರಿಕೆಯೂ ಇರುವುದಿಲ್ಲ. ಇದರ ಜೊತೆ ವೈದ್ಯರು 25 ಅಥವಾ 50 ಮಿಲಿಗ್ರಾಂ ಕೆಲವು ವಾರ ಕೊಡಬಹುದು, ಧೈರ್ಯ ಬಂದಂತೆ ಬಿಡಿಸುತ್ತಾರೆ. ಧೈರ್ಯಕ್ಕೆಂದು ಬಿಯರ್ ಕುಡಿಯುವುದು ಉಲ್ಟಾ ಕೆಲಸ, ಮದ್ಯ ನರವನ್ನು ಮಂಕಾಗಿಸುತ್ತದೆ.

ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರ ಓದಿ. ಸಿಲ್ಡೆನಾಫಿಲ್ ಜೊತೆ ಡಪೊಕ್ಸೆಟಿನ್ ಎಂದಿದ್ದರೆ ಅದು ಶೀಘ್ರ ಸ್ಖಲನದ ಔಷಧ ಬೆರೆಸಿದ್ದು. ನಿಮಗೆ ಬೇಕಿಲ್ಲ, ತಲೆ ಸುತ್ತಿ ಬೀಳಿಸುತ್ತದೆ.

ಪ್ರಶ್ನೆ: ನಮ್ಮ ಮನೆಯವರಿಗೆ 46. ಶಿಫ್ಟ್ ಡ್ಯೂಟಿ, ದಿನಕ್ಕೆ ಒಂದು ಪ್ಯಾಕ್ ಸಿಗರೇಟು. ಒಂದು ವರ್ಷದಿಂದ ಈ ತೊಂದರೆ. ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. ಫೋನಿನ ಜಾಹೀರಾತು ನೋಡಿ ‘ಶುದ್ಧ ಗಿಡಮೂಲಿಕೆ’ಯ ಕ್ಯಾಪ್ಸೂಲ್ ತರಿಸಿದ್ದಾರೆ. ಮುಕ್ಕಾಲು ತಾಸಿನಲ್ಲೇ ಗುಣ ಕಾಣುತ್ತದೆ. ಮುಂದುವರಿಸಬಹುದೇ? (ರಾಯಚೂರು)

ಉತ್ತರ: ಬೇಡಮ್ಮ, ನಿಲ್ಲಿಸಲು ಹೇಳಿ. ಮುಕ್ಕಾಲು ತಾಸಿನಲ್ಲಿ ಗುಣ ಕೊಡುವ ಗಿಡಮೂಲಿಕೆ ನಮಗೆ ಗೊತ್ತಿಲ್ಲ. ಇಂಥ ಕ್ಯಾಪ್ಸೂಲ್‌ಗಳಲ್ಲಿ ಹೇಳದೆ ಸಿಲ್ಡೆನಾಫಿಲ್ ಬೆರೆಸಿರುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾರೆ ಎಂಬುದು ಯಾರಿಗೂ ತಿಳಿಯದು, ಒಂದರಂತೆ ಇನ್ನೊಂದಿರುವುದಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂಬ ಔಷಧದ ಜಾಹೀರಾತು 1954ರ ಕಾಯ್ದೆಯಲ್ಲೇ ನಿಷಿದ್ಧ.

ಅವರನ್ನು ಆಸ್ಪತ್ರೆಗೆ ಕರೆತರಲು ಹೀಗೆ ಹೇಳಿ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ತಗ್ಗಿದರೆ ಮೊದಲು ಒಣಗುವುದು ಕೊನೇ ಭಾಗದ ಹೊಲ. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು. ಸಿಗರೇಟು, ಶುಗರ್, ಕೊಬ್ಬಿನಿಂದ ನಾಳ ಕಟ್ಟಿಕೊಳ್ಳತೊಡಗಿದರೆ ಸಣ್ಣದು ಮೊದಲು ಸೋಲುತ್ತದೆ, ಹೃದಯದ ಸರದಿ ಕೆಲವು ವರ್ಷಗಳ ನಂತರ. 46ಕ್ಕೆ ಈ ತೊಂದರೆ ಬಂದವರಿಗೆ ಹೃದಯ ಪರೀಕ್ಷೆ ಬೇಕೇ ಬೇಕು.

ಮಾಡಿಸಬೇಕಾದ್ದು: ಬಿಪಿ, ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಇಸಿಜಿ, ಟೆಸ್ಟೊಸ್ಟಿರಾನ್ (ಪುರುಷ ಹಾರ್ಮೋನು). ಟೆಸ್ಟೊಸ್ಟಿರಾನ್ ರಕ್ತವನ್ನು ಬೆಳಿಗ್ಗೆ 8ರಿಂದ 10ರೊಳಗೆ ಕೊಡಬೇಕು, ನೈಟ್ ಶಿಫ್ಟ್ ಮುಗಿಸಿ ನಿದ್ದೆಗೆಟ್ಟ ಬೆಳಿಗ್ಗೆ ಕೊಟ್ಟರೆ ಸುಮ್ಮನೆ ಕಡಿಮೆ ಬಂದು ದಾರಿ ತಪ್ಪಿಸುತ್ತದೆ. ಅವರು ಬಿಪಿಗೆ ಅಟೆನೊಲಾಲ್ ಅಥವಾ ಮೂತ್ರ ಹೆಚ್ಚಿಸುವ ಗುಳಿಗೆ ತಗೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ. ಇವುಗಳಿಂದಲೂ ಈ ತೊಂದರೆ ಬರುತ್ತದೆ, ಬದಲಿ ಇದೆ, ತಾವಾಗಿಯೇ ನಿಲ್ಲಿಸಬಾರದು.

ಕ್ಯಾಪ್ಸೂಲ್ ತಗೊಂಡ ಮೇಲೆ ನಿಮಿರಿದ್ದು ನಾಲ್ಕು ತಾಸಾದರೂ ಇಳಿಯದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಒಳಗೆ ನಿಂತ ರಕ್ತದಲ್ಲಿ ಆಮ್ಲಜನಕ ಮುಗಿದು ಮಾಂಸ ಸಾಯತೊಡಗುತ್ತದೆ, ಆಮೇಲೆ ಯಾವ ಔಷಧಕ್ಕೂ ನಿಮಿರದು. ನೇರವಾಗಿ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ತುರ್ತು ವಿಭಾಗಕ್ಕೆ ಹೋಗಿ.

ಪ್ರಶ್ನೆ: 66 ವರ್ಷ. ಪ್ರಾಸ್ಟೇಟ್ ಊದಿ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತೇನೆ, ಟಾಮ್ಸುಲೋಸಿನ್ ಇದೆ. ಈ ಗುಳಿಗೆಯೂ ಬೇಕು. ಎರಡೂ ಆಗುತ್ತದೆಯೇ? (ಸಿರುಗುಪ್ಪ)

ಉತ್ತರ: ನಿಮಗೆ ಟಡಾಲಫಿಲ್ 5 ಮಿಲಿಗ್ರಾಂ ದಿನಕ್ಕೊಂದು ಕೇಳಿ ನೋಡಿ. ಅದು ಪ್ರಾಸ್ಟೇಟ್ ತೊಂದರೆಗೂ ಒಪ್ಪಿತ ಔಷಧ, ಒಂದರಲ್ಲೇ ಎರಡು ಕೆಲಸ. ವೈದ್ಯರು ಒಪ್ಪಿದರೆ ಟಾಮ್ಸುಲೋಸಿನ್ ಬಿಡಬಹುದು. ಎರಡೂ ಬೇಕೆಂದರೆ ಟಾಮ್ಸುಲೋಸಿನ್ ದೇಹಕ್ಕೆ ಹೊಂದಿಕೊಂಡ ಮೇಲೆ ಇದನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡುತ್ತಾರೆ, ಏಕೆಂದರೆ ಎರಡೂ ಬಿಪಿ ಇಳಿಸುತ್ತವೆ. ಸಿಲ್ಡೆನಾಫಿಲ್ಲೇ ಆದರೆ ನಿಮ್ಮ ವಯಸ್ಸಿಗೆ 25ರಿಂದ ಆರಂಭ. ಕ್ರಿಯಾಟಿನಿನ್ ವರದಿ ಜೊತೆಗೆ ಒಯ್ಯಿರಿ. ಕಿಡ್ನಿ ಕುಗ್ಗಿದ್ದರೆ ದಿನನಿತ್ಯದ ಟಡಾಲಫಿಲ್ ದೇಹದಲ್ಲಿ ಶೇಖರವಾಗುತ್ತದೆ. ರಾತ್ರಿ ಮೂತ್ರಕ್ಕೆ ಏಳುವಾಗ ಮಂಚದ ತುದಿಯಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ, ಬಚ್ಚಲಿನ ದೀಪ ಉರಿಯುತ್ತಿರಲಿ.